ನಿಂತ ಗಾಡಿ, ಓಡುವ ಎಂಜಿನ್

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ. ಈ ಐದು ಊರುಗಳಲ್ಲಿ ಯಾವುದಾದರೊಂದರ ಬಸ್ ನಿಲ್ದಾಣದ ಹಿಂದಣ ಬೀದಿಗೆ ಹೋಗಿ ಸ್ವಲ್ಪ ಹೊತ್ತು ನಿಂತರೆ, ಗ್ಯಾರೇಜುಗಳ ಸಾಲಿನಲ್ಲಿ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. “ರೇಸ್ ಕೊಟ್ರೆ ಚಲೋ ಓಡ್ತೈತ್ರೀ, ಬಿಟ್ರೆ ನಿಂತಬಿಡ್ತೈತಿ.” ಹೇಳುವವನು ರೈತನಿರಬಹುದು, ಹೂವಿನ ವ್ಯಾಪಾರಿಯಿರಬಹುದು, ಶಾಲಾ ಮಾಸ್ತರನಿರಬಹುದು. ದೂರು ಮಾತ್ರ ಒಂದೇ. ಓಡುವಾಗ ನೆಟ್ಟಗಿರುವ ಎಂಜಿನ್ ನಿಂತಾಗ ತಾಳುವುದಿಲ್ಲ. ಮೆಕ್ಯಾನಿಕರ ಭಾಷೆಯಲ್ಲಿ ಇದಕ್ಕೆ ‘ಐಡ್ಲಿಂಗ್ ತೊಂದರೆ’ ಎಂದು ಹೆಸರು. ಇಂಧನವನ್ನು ಚಿಮ್ಮಿಸುವ ಇಂದಿನ ಪೆಟ್ರೋಲ್ ವಾಹನಗಳಲ್ಲಿ ಈ ತೊಂದರೆಯ ಮೂಲವನ್ನು ಹುಡುಕುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಇದು ಯಂತ್ರಶಾಸ್ತ್ರಜ್ಞರಿಗೆ ಮೀಸಲಾದ ವಿಷಯವೆಂದು ಶ್ರೋತೃಗಳು ದೂರ ಸರಿಯಬಾರದು. ವೈದ್ಯನ ಮುಂದೆ ಕುಳಿತ ರೋಗಿಗೆ ವೈದ್ಯಶಾಸ್ತ್ರ ತಿಳಿದಿರಬೇಕಾಗಿಲ್ಲ, ನಿಜ. ಆದರೆ ತನ್ನ ನೋವು ಎಲ್ಲಿ, ಯಾವಾಗ, ಯಾವ ಬಗೆಯದು ಎಂದು ಹೇಳಬಲ್ಲ ರೋಗಿಗೆ ಚಿಕಿತ್ಸೆ ಬೇಗ ದೊರೆಯುತ್ತದೆ. ವಾಹನದ ಒಡೆಯನ ಪಾಲಿಗೂ ಈ ಮಾತು ಸಲ್ಲುತ್ತದೆ. ಇದರ ಬೆಲೆ ಎಷ್ಟೆಂಬುದನ್ನು ನಾನು ಅರಿತದ್ದು ಹರಪನಹಳ್ಳಿ ಕಡೆಯ ಗೆಳೆಯರೊಬ್ಬರ ಹಳೆಯ ಕಾರಿನಿಂದ. ಗಾಡಿ ನಿಂತಾಗ ಅದರ ಎಂಜಿನ್ ತನ್ನಷ್ಟಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮೊದಲನೆಯ ಗ್ಯಾರೇಜಿನಲ್ಲಿ ಪ್ಲಗ್ಗುಗಳನ್ನು ಬದಲಾಯಿಸಿದರು. ಎರಡನೆಯದರಲ್ಲಿ ಐಡ್ಲಿಂಗ್ ವಾಲ್ವನ್ನೂ ಆಮ್ಲಜನಕದ ಸೆನ್ಸರನ್ನೂ ಬದಲಾಯಿಸಿದರು. ಕೊನೆಗೆ, ಕಂಪ್ಯೂಟರೇ ಹೋಗಿರಬೇಕು, ಅದಕ್ಕೆ ಹಲವು ಸಾವಿರ ರೂಪಾಯಿ ಆದೀತು ಎಂದರು. ಆ ಕಾರಿನ ನಿಜವಾದ ರೋಗ ಯಾವುದೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ; ಅಷ್ಟರಲ್ಲಿ ತಾವೇ ಊಹಿಸಲು ಬೇಕಾದ ಸಾಮಗ್ರಿಯನ್ನು ಮುಂದಿಡುತ್ತೇನೆ.

ಮೊದಲು, ಐಡ್ಲಿಂಗ್ ಎಂದರೇನು? ಗಾಡಿ ನಿಂತಿದೆ, ಗೇರು ಬಿಟ್ಟಿದೆ, ಕಾಲು ಆಕ್ಸಿಲರೇಟರಿನ ಮೇಲಿಲ್ಲ. ಆದರೂ ಎಂಜಿನ್ ಮೆಲ್ಲನೆ ತಿರುಗುತ್ತಲೇ ಇದೆ. ಈ ಸ್ಥಿತಿಯಲ್ಲಿ ಅದು ಹೊರಗಿನ ಯಾವ ಭಾರವನ್ನೂ ಎಳೆಯುತ್ತಿಲ್ಲ. ತನ್ನದೇ ಘರ್ಷಣೆಯನ್ನು ಗೆಲ್ಲುವುದಕ್ಕೆ, ನೀರಿನ ಪಂಪನ್ನು ತಿರುಗಿಸುವುದಕ್ಕೆ, ಬ್ಯಾಟರಿಗೆ ವಿದ್ಯುತ್ತು ತುಂಬುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಉಂಡು ಬದುಕುತ್ತಿದೆ. ಬಿಸಿಯೇರಿದ ಸಣ್ಣ ಕಾರಿನ ಎಂಜಿನ್ ಈ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು ೭೦೦ರಿಂದ ೮೫೦ ಸುತ್ತು ತಿರುಗುತ್ತದೆ. ಒಂದೇ ಸಿಲಿಂಡರಿನ ಮೋಟಾರ್ ಸೈಕಲ್ಲಿನದು ಸಾಮಾನ್ಯವಾಗಿ ೧೩೦೦ರಿಂದ ೧೫೦೦. ನಿಮಿಷಕ್ಕೆ ೭೫೦ ಸುತ್ತೆಂದರೆ, ನಾಲ್ಕು ಸಿಲಿಂಡರಿನ ಎಂಜಿನ್ನಿನೊಳಗೆ ಸೆಕೆಂಡಿಗೆ ೨೫ ಪುಟ್ಟ ದಹನಗಳು ನಡೆಯಬೇಕು. ಅವುಗಳಲ್ಲಿ ಒಂದೆರಡು ತಪ್ಪಿದರೂ ಕುರ್ಚಿಯಲ್ಲಿ ಕುಳಿತವನ ಬೆನ್ನಿಗೆ ಅದು ತಿಳಿಯುತ್ತದೆ.

ಸುಮ್ಮನೆ ನಿಂತಿರುವುದು ಸುಲಭವೆಂದು ನಾವು ಭಾವಿಸುತ್ತೇವೆ. ಎಂಜಿನ್ನಿಗೆ ಅದೇ ಅತ್ಯಂತ ಕಷ್ಟದ ಕೆಲಸ. ಗಾಳಿ ಒಳಗೆ ಹೋಗುವ ಕೊಳವೆಯಲ್ಲಿ ‘ಥ್ರಾಟಲ್’ ಎಂಬ ದುಂಡಗಿನ ಬಾಗಿಲೊಂದಿದೆ. ಐಡ್ಲಿಂಗಿನಲ್ಲಿ ಅದು ಬಹುತೇಕ ಮುಚ್ಚಿರುತ್ತದೆ. ಎಂಜಿನ್ ಎಳೆಯುತ್ತದೆ, ಬಾಗಿಲು ಬಿಡುವುದಿಲ್ಲ; ಹೀಗಾಗಿ ಬಾಗಿಲಿನ ಆಚೆಗೆ, ಎಂಜಿನ್ನಿನ ಬದಿಯಲ್ಲಿ, ಬಲವಾದ ನಿರ್ವಾತ ಉಂಟಾಗುತ್ತದೆ. ಅಲ್ಲಿನ ಗಾಳಿಯ ಒತ್ತಡ ಹೊರಗಿನ ಒತ್ತಡದ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿದಿರುವುದುಂಟು. ಎಲ್ಲಾದರೂ ಒಂದು ಸಣ್ಣ ಬಿರುಕಿದ್ದರೆ ಗಾಳಿ ಅದರೊಳಗಿಂದ ನುಗ್ಗುತ್ತದೆ. ತುಂಗಭದ್ರೆ ತುಂಬಿ ಹರಿಯುವಾಗ ಒಂದು ಕೊಡ ನೀರು ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಹಗರಿಯ ಮರಳಿನಲ್ಲಿ ತೋಡಿದ ಒರತೆಗೆ ಅದೇ ಒಂದು ಕೊಡ ನೀರು ಬಹು ದೊಡ್ಡದು. ವೇಗದಲ್ಲಿ ಓಡುವ ಎಂಜಿನ್ ತುಂಬಿದ ಹೊಳೆ; ಐಡ್ಲಿಂಗಿನ ಎಂಜಿನ್ ಒರತೆ. ಓಡುವಾಗ ಮರೆಯಾಗುವ ದೋಷ ನಿಂತಾಗ ಬಯಲಾಗುವುದು ಈ ಕಾರಣದಿಂದ. ಆದ್ದರಿಂದಲೇ, ಬಲ್ಲ ಮೆಕ್ಯಾನಿಕ್ ಯಾವ ಎಂಜಿನ್ನಿನ ಮುಂದೆಯೂ ಮೊದಲು ಅದರ ಐಡ್ಲಿಂಗನ್ನು ಆಲಿಸುತ್ತಾನೆ.

ಹಿಂದೆ ಕಾರ್ಬೊರೇಟರ್ ಎಂಬ ಸಾಧನವಿತ್ತು. ಹರಿಯುವ ಗಾಳಿಯೇ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಹೀರಿ ತನ್ನೊಡನೆ ಒಯ್ಯುತ್ತಿತ್ತು. ಐಡ್ಲಿಂಗಿಗೆ ಅದರಲ್ಲಿ ಎರಡು ತಿರುಪುಗಳಿದ್ದವು. ಒಂದು ಬಾಗಿಲನ್ನು ಚೂರು ತೆರೆದಿಡುವುದು, ಇನ್ನೊಂದು ಗಾಳಿ-ಪೆಟ್ರೋಲಿನ ಹದವನ್ನು ತಿದ್ದುವುದು. ಕಿವಿಯೊಡ್ಡಿ, ಕಣ್ಣು ಮುಚ್ಚಿ, ತಿರುಪನ್ನು ಕಾಲು ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುಗಿಸಿ ಹದ ತರುತ್ತಿದ್ದ ಕುಶಲಿಗಳನ್ನು ನಮ್ಮ ಊರುಗಳು ಕಂಡಿವೆ. ವಿದ್ಯುನ್ಮಾನದ ಮೂಲಕ ಇಂಧನ ಚಿಮ್ಮಿಸುವ ಪದ್ಧತಿ ೧೯೬೭ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ‘ಡಿ-ಜೆಟ್ರಾನಿಕ್’ ಎಂಬ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಬಂತು. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಅದು ನೆಲೆಯೂರಿದ್ದು ೧೯೯೮ರಿಂದ ೨೦೦೦ದ ಆಸುಪಾಸಿನಲ್ಲಿ. ಹೀರೋ ಹೋಂಡಾ ಗ್ಲಾಮರ್ ಎಂಬ ಮೋಟಾರ್ ಸೈಕಲ್ಲು ೨೦೦೬ರಲ್ಲಿಯೇ ಈ ಪದ್ಧತಿಯೊಡನೆ ಹೊರಬಂದರೂ, ಹಳ್ಳಿಯ ದ್ವಿಚಕ್ರ ವಾಹನಗಳಿಗೆ ಅದು ಬಹುಮಟ್ಟಿಗೆ ತಲುಪಿದ್ದು ೨೦೨೦ರ ಏಪ್ರಿಲ್ ೧ರಂದು ಭಾರತ್ ಹಂತ ೬ರ ಹೊಗೆ ನಿಯಮಗಳು ಜಾರಿಯಾದ ಮೇಲೆ. ಎಂದರೆ, ನಮ್ಮ ಗ್ಯಾರೇಜುಗಳ ಪಾಲಿಗೆ ಒಂದು ತಲೆಮಾರಿನ ಕೈಚಳಕ ಕೆಲವೇ ವರ್ಷಗಳಲ್ಲಿ ಅರ್ಧಕ್ಕರ್ಧ ನಿರುಪಯೋಗಿಯಾಯಿತು. ತಿರುಪು ಹೋಯಿತು; ಅದರ ಜಾಗಕ್ಕೆ ಒಂದು ಪೆಟ್ಟಿಗೆ ಬಂತು.

ಆ ಪೆಟ್ಟಿಗೆಯೇ ಎಂಜಿನ್ನಿನ ಕಂಪ್ಯೂಟರು. ಅದು ಕುರುಡು, ಸೆನ್ಸರುಗಳೆಂಬ ಸೇವಕರು ತಂದ ಸುದ್ದಿಯನ್ನು ನಂಬಿ ಆಜ್ಞೆ ಕೊಡುತ್ತದೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಥ್ರಾಟಲ್ ಎಷ್ಟು ತೆರೆದಿದೆ, ಕೊಳವೆಯಲ್ಲಿ ಗಾಳಿಯ ಒತ್ತಡವೆಷ್ಟು, ಗಾಳಿಯ ಶಾಖವೆಷ್ಟು, ತಂಪುಗೊಳಿಸುವ ನೀರಿನ ಶಾಖವೆಷ್ಟು ಎಂದು ಒಬ್ಬೊಬ್ಬ ಸೇವಕ ವರದಿಮಾಡುತ್ತಾನೆ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ಎಂದು ನೋಡುವ ಸೇವಕನೊಬ್ಬ ಬೇರೆ. ಇವನು ಪಕ್ವವಾದ ಅಡುಗೆಯ ರುಚಿ ನೋಡಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳುವವನು. ಎಲ್ಲವನ್ನೂ ಕೂಡಿಸಿ ಕಂಪ್ಯೂಟರು ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಧರಿಸುತ್ತದೆ. ಐಡ್ಲಿಂಗಿನಲ್ಲಿ ಈ ಹೊತ್ತು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಶುದ್ಧ ಪೆಟ್ರೋಲಿನ ಒಂದು ತೂಕಕ್ಕೆ ೧೪.೭ ತೂಕ ಗಾಳಿ ಎಂಬುದು ಅದರ ಗುರಿ. ಇನ್ನು, ಐಡ್ಲಿಂಗಿನ ಗಾಳಿಯನ್ನು ಹಿಡಿತದಲ್ಲಿಡಲು ಥ್ರಾಟಲಿನ ಪಕ್ಕದಲ್ಲಿ ಒಂದು ಓಣಿಯನ್ನೂ ಅದಕ್ಕೊಂದು ಪುಟ್ಟ ವಾಲ್ವನ್ನೂ ಇಟ್ಟಿರುತ್ತಾರೆ. ಹೊಸ ಗಾಡಿಗಳಲ್ಲಿ ಒಂದು ಮೋಟಾರು ಥ್ರಾಟಲಿನ ಬಾಗಿಲನ್ನೇ ಕೂದಲೆಳೆಯಷ್ಟು ತೆರೆಯುತ್ತದೆ, ಮುಚ್ಚುತ್ತದೆ.

ಇಲ್ಲಿ ಒಂದು ಮುಖ್ಯ ಮಾತಿದೆ. ಈ ಕಂಪ್ಯೂಟರು ದೋಷವನ್ನು ನಿವಾರಿಸುವುದಿಲ್ಲ, ಸಹಿಸಿಕೊಳ್ಳುತ್ತದೆ. ಗಾಳಿ ಕಡಿಮೆಯಾದರೆ ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಪೆಟ್ರೋಲು ಕಡಿಮೆಯಾದರೆ ಇನ್ನಷ್ಟು ಹೊತ್ತು ಚಿಮ್ಮಿಸುತ್ತದೆ. ತಿಂಗಳುಗಟ್ಟಲೆ ಹೀಗೆ ತೂಗಿಸಿಕೊಂಡು ಹೋಗಿ, ತನ್ನ ಮಿತಿ ಮುಗಿದ ದಿನ ಕೈಚೆಲ್ಲುತ್ತದೆ. “ನಿನ್ನೆವರೆಗೆ ಚಲೋ ಇತ್ರೀ” ಎಂದು ಒಡೆಯ ಹೇಳುತ್ತಾನೆ. ಎಂಜಿನ್ ನಿನ್ನೆಯವರೆಗೆ ಚೆನ್ನಾಗಿರಲಿಲ್ಲ. ನಿನ್ನೆಯವರೆಗೆ ಅದರ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಬರಲಾಗಿತ್ತು, ಅಷ್ಟೇ.

ಈಗ ಪರೀಕ್ಷೆಗೆ ಬರೋಣ. ಮೊದಲನೆಯದು ಪ್ರಶ್ನೆ. ದೂರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಒಂದು, ಸುತ್ತು ಕಡಿಮೆಯಾಗಿ ಎಂಜಿನ್ ನಿಂತೇ ಹೋಗುವುದು. ಎರಡು, ಸುತ್ತು ಹೆಚ್ಚಾಗಿಯೇ ಇದ್ದು ಕೆಳಗಿಳಿಯದಿರುವುದು. ಮೂರು, ಏರಿಳಿತ, ಉಯ್ಯಾಲೆಯಂತೆ ತೂಗುವುದು. ನಾಲ್ಕು, ಸುತ್ತು ಸರಿಯಿದ್ದರೂ ಗಾಡಿಯೆಲ್ಲ ನಡುಗುವುದು. ಇವುಗಳ ಮೇಲೆ ಇನ್ನೊಂದು ಪ್ರಶ್ನೆ: ಯಾವಾಗ? ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿಯೋ, ಬಿಸಿಯೇರಿದ ಮೇಲೋ, ಎ.ಸಿ. ಹಾಕಿದಾಗಲೋ, ಬ್ರೇಕು ತುಳಿದಾಗಲೋ? ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ, ಹುಡುಕಬೇಕಾದ ಹತ್ತು ಮನೆಗಳಲ್ಲಿ ಏಳೆಂಟನ್ನು ಬಿಟ್ಟುಬಿಡಬಹುದು.

ಉದಾಹರಣೆಗೆ, ಹಡಗಲಿಯ ಮಲ್ಲಿಗೆಯನ್ನು ಬೆಳಗಿನ ಜಾವಕ್ಕೆ ಪೇಟೆಗೆ ಒಯ್ಯಬೇಕಾದವನ ಬೈಕು ತಣ್ಣಗಿರುವಾಗ ಮಾತ್ರ ಹಟ ಮಾಡುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎನ್ನಿ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು. ತಂಪು ಗೋಡೆಗಳ ಮೇಲೆ ಅದು ಸರಿಯಾಗಿ ಆವಿಯಾಗುವುದಿಲ್ಲ. ಎಂಜಿನ್ ತಣ್ಣಗಿದೆ ಎಂಬ ಸುದ್ದಿಯನ್ನು ಕೊಡಬೇಕಾದವನು ಶಾಖದ ಸೆನ್ಸರು. ಅದು ‘ಬಿಸಿಯಾಗಿದೆ’ ಎಂದು ಸುಳ್ಳು ಹೇಳಿದರೆ ಕಂಪ್ಯೂಟರು ಪೆಟ್ರೋಲನ್ನು ಕಡಿಮೆ ಕೊಡುತ್ತದೆ, ಗಾಡಿ ನಿಲ್ಲುತ್ತದೆ. ವಿಪರ್ಯಾಸವಾಗಿ ‘ಸದಾ ತಣ್ಣಗಿದೆ’ ಎಂದು ಸುಳ್ಳು ಹೇಳಿದರೆ, ಮಧ್ಯಾಹ್ನದ ಬಿಸಿಲಿನಲ್ಲಿಯೂ ಎಂಜಿನ್ ಹೆಚ್ಚು ಸುತ್ತು ತಿರುಗುತ್ತ, ಹೆಚ್ಚು ಪೆಟ್ರೋಲು ಕುಡಿದು ಕಪ್ಪು ಹೊಗೆ ಬಿಡುತ್ತದೆ. ಈ ಸೆನ್ಸರಿನ ಪರೀಕ್ಷೆ ಸುಲಭ. ಹಲವು ಕಾರುಗಳಲ್ಲಿ ಅದರ ವಿದ್ಯುತ್ ಪ್ರತಿರೋಧ ೨೦ ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್ ಇದ್ದು, ೮೦ ಡಿಗ್ರಿಗೆ ಏರಿದಾಗ ಸುಮಾರು ಮುನ್ನೂರಕ್ಕೆ ಇಳಿಯುತ್ತದೆ. ಒಂದು ಸಾಮಾನ್ಯ ಮೀಟರು, ಒಂದು ಲೋಟ ಬಿಸಿನೀರು ಇದ್ದರೆ ಅದರ ಸತ್ಯಾಸತ್ಯ ಬಯಲಾಗುತ್ತದೆ.

ಎರಡನೆಯದು ಕಣ್ಣು. ಉಪಕರಣವನ್ನು ಮುಟ್ಟುವ ಮೊದಲು ಬಾನೆಟ್ಟನ್ನು ತೆರೆದು, ಎಂಜಿನ್ ಆರಿಸಿ, ಐದು ನಿಮಿಷ ಸುಮ್ಮನೆ ನೋಡಬೇಕು. ಬಿಚ್ಚಿಕೊಂಡ ರಬ್ಬರ್ ಕೊಳವೆ, ಸಡಿಲವಾದ ಕನೆಕ್ಟರ್, ತುಕ್ಕು ಹಿಡಿದ ಬ್ಯಾಟರಿಯ ತುದಿ, ಇಲಿ ಕಡಿದ ತಂತಿ ಕಣ್ಣಿಗೆ ಬಿದ್ದಾವು. ಇಲಿಯ ಮಾತು ಹಾಸ್ಯವಲ್ಲ. ಶೇಂಗಾ, ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲಿ ರಾತ್ರಿ ಕಳೆಯುವ ಗಾಡಿಯೊಳಗೆ ಇಲಿಗಳು ಬೆಚ್ಚನೆಯ ಜಾಗ ಹುಡುಕುತ್ತವೆ. ತಂತಿಯ ಹೊದಿಕೆಯನ್ನೂ ಕೊಳವೆಗಳನ್ನೂ ಕಡಿಯುತ್ತವೆ.

ಮೂರನೆಯದು ಗಾಳಿ. ಕೂಡ್ಲಿಗಿಯ ಕೆಂಪು ನೆಲದ ಧೂಳು, ಹಡಗಲಿಯ ಎರೆಹೊಲಗಳ ಧೂಳು, ಅದಿರು ಲಾರಿಗಳು ಓಡುವ ದಾರಿಗಳ ಧೂಳು ನಮಗೆ ಹೊಸವಲ್ಲ. ಆದರೆ ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆಯಿದೆ. ಏರ್ ಫಿಲ್ಟರು ಕಟ್ಟಿಕೊಂಡರೆ ಐಡ್ಲಿಂಗ್ ಕೆಡುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಐಡ್ಲಿಂಗಿಗೆ ಬೇಕಾದ ಗಾಳಿ ಬಹಳ ಸ್ವಲ್ಪ. ಕೊಳೆಯಾದ ಫಿಲ್ಟರು ಕೂಡ ಅಷ್ಟನ್ನು ಬಿಟ್ಟುಕೊಡುತ್ತದೆ. ಅದು ಉಸಿರು ಕಟ್ಟಿಸುವುದು ಏರು ಹತ್ತುವಾಗ, ಭಾರ ಎಳೆಯುವಾಗ. ಐಡ್ಲಿಂಗಿಗೆ ಶತ್ರುವಾಗುವುದು ಸರಿಯಾಗಿ ಕೂರದ ಫಿಲ್ಟರಿನ ಅಂಚಿನಿಂದ ನುಸುಳಿದ ಧೂಳು. ಎಂಜಿನ್ನಿನ ಒಳಗಿಂದ ಬರುವ ಎಣ್ಣೆಯ ಆವಿಯೊಡನೆ ಬೆರೆತು, ಅದು ಥ್ರಾಟಲಿನ ಬಾಗಿಲಿನ ಅಂಚಿನಲ್ಲಿ ಕಪ್ಪು ಅಂಟಾಗಿ ಕೂರುತ್ತದೆ. ಬಾಗಿಲ ಸಂದು ಕಿರಿದಾಗುತ್ತದೆ. ಕಂಪ್ಯೂಟರು ವಾಲ್ವನ್ನು ತೆರೆಯುತ್ತ ತೆರೆಯುತ್ತ ಮಿತಿ ಮುಟ್ಟಿದ ಮೇಲೆ, ಒಂದು ದಿನ ಸರ್ಕಲ್ಲಿನಲ್ಲಿ ಕಾಲು ಬಿಟ್ಟೊಡನೆ ಎಂಜಿನ್ ನಿಂತುಹೋಗುತ್ತದೆ. ಇದಕ್ಕೆ ಮದ್ದು ಶುಚಿ. ತಕ್ಕ ದ್ರಾವಣದಿಂದ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು, ಚಾಕುವಿನಿಂದ ಕೆರೆಯಬಾರದು. ಮೋಟಾರಿನಿಂದ ನಡೆಯುವ ಥ್ರಾಟಲನ್ನು ಬಲವಂತವಾಗಿ ಬೆರಳಿನಿಂದ ತಳ್ಳಬಾರದು. ಶುಚಿಯಾದ ಮೇಲೆ ಕೆಲವು ಗಾಡಿಗಳು ಒಂದೆರಡು ದಿನ ಹೆಚ್ಚು ಸುತ್ತು ತಿರುಗುವುದುಂಟು. ಹಳೆಯ ಕೊಳೆಗೆ ಹೊಂದಿಕೊಂಡಿದ್ದ ಕಂಪ್ಯೂಟರು ಹೊಸ ಅಳತೆಯನ್ನು ಕಲಿಯಬೇಕಷ್ಟೆ. ಆ ಪಾಠಕ್ಕೆ ತಯಾರಕರು ಹೇಳಿದ ಕ್ರಮವಿರುತ್ತದೆ.

ನಾಲ್ಕನೆಯದು ಕಿಡಿ. ಗಾಡಿ ನಡುಗುತ್ತದೆ, ಸೈಲೆನ್ಸರು ಲಯ ತಪ್ಪಿ ಕೆಮ್ಮುತ್ತದೆ ಎಂದರೆ ಯಾವುದೋ ಸಿಲಿಂಡರು ಕೆಲಸ ಬಿಟ್ಟಿದೆ. ಯಾವುದೆಂದು ತಿಳಿಯಲು ಇಂಜೆಕ್ಟರುಗಳ ಕನೆಕ್ಟರುಗಳನ್ನು ಒಂದೊಂದಾಗಿ ಕ್ಷಣಕಾಲ ಬಿಡಿಸಿ ನೋಡುತ್ತಾರೆ. ದುಡಿಯುವ ಸಿಲಿಂಡರಿನದನ್ನು ಬಿಡಿಸಿದರೆ ಎಂಜಿನ್ ಕುಗ್ಗುತ್ತದೆ. ಮೈಗಳ್ಳನದನ್ನು ಬಿಡಿಸಿದರೆ ಏನೂ ಆಗುವುದಿಲ್ಲ. ಹಳೆಯ ಕಾಲದಂತೆ ಓಡುವ ಎಂಜಿನ್ನಿನ ಪ್ಲಗ್ ತಂತಿಯನ್ನು ಎಳೆಯುವ ಅಭ್ಯಾಸವನ್ನು ಬಿಡಬೇಕು. ಅಲ್ಲಿರುವುದು ಹತ್ತಾರು ಸಾವಿರ ವೋಲ್ಟು. ಅಲ್ಲದೆ ಉರಿಯದ ಪೆಟ್ರೋಲು ಸೈಲೆನ್ಸರಿನ ಹಾದಿಯಲ್ಲಿರುವ ಬೆಲೆಬಾಳುವ ಹೊಗೆ-ಶೋಧಕವನ್ನು ಸುಡುತ್ತದೆ. ಪ್ಲಗ್ಗು, ಕಾಯಿಲು ಸರಿಯಿದ್ದೂ ನಡುಕ ನಿಲ್ಲದಿದ್ದರೆ, ವಾಲ್ವುಗಳು ಪೂರ್ತಿ ಮುಚ್ಚುತ್ತಿಲ್ಲವೆಂದು ಶಂಕಿಸಿ ಕಂಪ್ರೆಷನ್ ಅಳೆಯಬೇಕು. ವಾಲ್ವಿನ ಸಂದು ತೀರ ಬಿಗಿಯಾದ ಎಷ್ಟೋ ಬೈಕುಗಳನ್ನು, ‘ಸೆನ್ಸರ್ ಹೋಗಿದೆ’ ಎಂದು ವೃಥಾ ಬಿಚ್ಚುತ್ತಾರೆ. ಕಂಪ್ಯೂಟರು ಬಂದಿತೆಂದು ಎಂಜಿನ್ನಿನ ಹಳೆಯ ಮೂಳೆ ಮಾಂಸ ಬದಲಾಗಿಲ್ಲ.

ಐದನೆಯದು ಇಂಧನ. ಕಾರಿನಲ್ಲಿ ಪಂಪು ಸಾಮಾನ್ಯವಾಗಿ ಸುಮಾರು ಮೂರು ವಾತಾವರಣಗಳ ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರಿಗೆ ತಲುಪಿಸುತ್ತದೆ. ಅದನ್ನು ಮೀಟರಿನಿಂದ ಅಳೆಯಬೇಕು, ಊಹಿಸಬಾರದು. ಬ್ಯಾಟರಿ ಸೊರಗಿದ ಬೈಕಿನಲ್ಲಿ ಪಂಪೂ ಸೊರಗುತ್ತದೆ, ಇಂಜೆಕ್ಟರೂ ತಡವಾಗಿ ತೆರೆಯುತ್ತದೆ. ಆದ್ದರಿಂದ ಬ್ಯಾಟರಿಯನ್ನು ನೋಡದೆ ಇಂಜೆಕ್ಟರನ್ನು ದೂಷಿಸಬಾರದು. ೨೦೨೩ರಿಂದೀಚೆಗೆ ಬಂದಿರುವ, ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ವಿಚಾರವಾಗಿ ಎರಡು ಮಾತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ ಗಾಳಿ ಕಡಿಮೆ ಸಾಕು, ಒಂದಕ್ಕೆ ಸುಮಾರು ಹದಿಮೂರೂವರೆ. ಆಮ್ಲಜನಕದ ಸೆನ್ಸರಿರುವ ಗಾಡಿ ರುಚಿ ನೋಡಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಶಕ್ತಿಯಿಲ್ಲ. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ, ಪಂಪು ಅದನ್ನೇ ಮೊದಲು ಎಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿ, ಬಾಟಲಿಯಲ್ಲಿ ಕೊಂಡ ಪೆಟ್ರೋಲು, ಮಳೆಗಾಲದಲ್ಲಿ ಸಡಿಲವಾದ ಟ್ಯಾಂಕಿನ ಮುಚ್ಚಳ ಇವನ್ನು ಇಲ್ಲಿ ನೆನೆಯಬೇಕು.

ಆರನೆಯದಾಗಿ, ಭಾರದ ಪರೀಕ್ಷೆ. ಕೊಟ್ಟೂರಿನ ರಥೋತ್ಸವಕ್ಕೋ ಮೈಲಾರದ ಕಾರ್ಣಿಕಕ್ಕೋ ಹೊರಟ ಗಾಡಿಗಳು ಜನಸಾಗರದ ನಡುವೆ ಗಂಟೆಗಟ್ಟಲೆ ಅಂಗುಲ ಅಂಗುಲವಾಗಿ ಸರಿಯುತ್ತವೆ. ರೇಡಿಯೇಟರಿನ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಎ.ಸಿ. ಎಳೆಯುತ್ತದೆ, ಈ ಭಾರವೆಲ್ಲ ಐಡ್ಲಿಂಗಿನ ಬಡ ಸಂಸಾರದ ಮೇಲೆಯೇ ಬೀಳುತ್ತದೆ. ಇದನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು. ಬಿಸಿಯಾದ ಎಂಜಿನ್ ತಿರುಗುತ್ತಿರುವಾಗ ದೀಪ, ಎ.ಸಿ. ಎರಡನ್ನೂ ಹಾಕಿ. ಆರೋಗ್ಯವಂತ ಎಂಜಿನ್ ಒಂದು ಕ್ಷಣ ತಗ್ಗಿ, ಮರುಕ್ಷಣ ಸಾವರಿಸಿಕೊಳ್ಳುತ್ತದೆ. ಸಾವರಿಸಿಕೊಳ್ಳದೆ ನಡುಗುವುದು, ನಿಲ್ಲುವುದು, ಅದರ ಕೈಯಲ್ಲಿ ಉಳಿತಾಯವಿಲ್ಲವೆಂಬುದರ ಸೂಚನೆ. ಆದರೆ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ನನ್ನು ಓಡಿಸಿ ಪರೀಕ್ಷಿಸಬಾರದು; ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ.

ಇಷ್ಟಾದ ಮೇಲೆ, ಏಳನೆಯದಾಗಿ, ಸ್ಕ್ಯಾನರು. ಅಂಗೈ ಅಗಲದ ಈ ಉಪಕರಣವನ್ನು ಕಾರಿನ ಡ್ಯಾಶ್‌ಬೋರ್ಡಿನ ಕೆಳಗಣ ಕಿಂಡಿಗೆ ಜೋಡಿಸಿದರೆ ಕಂಪ್ಯೂಟರು ತಾನು ಕಂಡ ದೋಷಗಳನ್ನು ಸಂಕೇತಗಳಲ್ಲಿ ಹೇಳುತ್ತದೆ. ಹಲವು ಬೈಕುಗಳಲ್ಲಿ ಹಳದಿ ದೀಪವೇ ಲೆಕ್ಕ ಹಾಕಿ ಮಿಣುಕಿ ಅದನ್ನು ತಿಳಿಸುತ್ತದೆ. ಇಲ್ಲಿಯೇ ದೊಡ್ಡ ಪ್ರಮಾದ ನಡೆಯುವುದು. ಸಂಕೇತವು ಸಾಕ್ಷಿಯೇ ಹೊರತು ತೀರ್ಪಲ್ಲ. ‘ಪಿ ೦೫೦೫’ ಎಂದರೆ ಐಡ್ಲಿಂಗ್ ನನ್ನ ಹಿಡಿತದಲ್ಲಿಲ್ಲ ಎಂದು ಕಂಪ್ಯೂಟರು ಹೇಳುತ್ತಿದೆ. ಐಡ್ಲಿಂಗ್ ವಾಲ್ವನ್ನು ಬದಲಾಯಿಸಿರಿ ಎಂದಲ್ಲ. ‘ಪಿ ೦೧೭೧’ ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದರ್ಥ. ಆ ಸುದ್ದಿ ತಂದ ಆಮ್ಲಜನಕದ ಸೆನ್ಸರು ಅಪರಾಧಿ ಎಂದಲ್ಲ. ಕೆಟ್ಟ ಸುದ್ದಿ ತಂದ ದೂತನ ತಲೆ ತೆಗೆಯುವ ಅರಸರ ಕಥೆಗಳನ್ನು ಕೇಳಿದ್ದೇವೆ. ಗ್ಯಾರೇಜಿನಲ್ಲಿ ಅದು ದಿನವೂ ನಡೆಯುತ್ತದೆ, ಬಿಲ್ಲು ಮಾತ್ರ ಒಡೆಯನ ಹೆಸರಿಗೆ ಬರುತ್ತದೆ.

ಸಂಕೇತಕ್ಕಿಂತ ಹೆಚ್ಚು ಮಾತನಾಡುವುದು ಅಂಕಿ. ಕಂಪ್ಯೂಟರು ತನ್ನ ಮೂಲ ಲೆಕ್ಕಕ್ಕಿಂತ ಪೆಟ್ರೋಲನ್ನು ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬುದನ್ನು ‘ಫ್ಯೂಯೆಲ್ ಟ್ರಿಮ್’ ಎಂಬ ಅಂಕಿ ತೋರಿಸುತ್ತದೆ. ಸೊನ್ನೆಯ ಆಚೀಚೆ ನೂರಕ್ಕೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಗಾಳಿಯ ತೂಕವನ್ನೇ ಅಳೆಯುವ ಗಾಡಿಯಲ್ಲಿ ಐಡ್ಲಿಂಗಿನ ಅಂಕಿ ಇಪ್ಪತ್ತೈದು ಹೆಚ್ಚಿದ್ದು, ನಿಮಿಷಕ್ಕೆ ೨೫೦೦ ಸುತ್ತಿಗೆ ಏರಿಸಿದಾಗ ಅದು ಐದಕ್ಕೆ ಇಳಿದರೆ, ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಎಂದು ತಿಳಿಯಬೇಕು. ಹೊಳೆ ತುಂಬಿದಾಗ ಮುಳುಗಿಹೋಗುವ ಅದೇ ಒಂದು ಕೊಡ ನೀರು ಅದು. ಏರಿಸಿದಷ್ಟೂ ಅಂಕಿ ಏರಿದರೆ ಪಂಪನ್ನು, ಇಂಧನದ ಫಿಲ್ಟರನ್ನು ನೋಡಬೇಕು. ಅಂಕಿ ಸೊನ್ನೆಗಿಂತ ಬಹಳ ಕೆಳಗಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಸೋರುವ ಇಂಜೆಕ್ಟರೋ, ಟ್ಯಾಂಕಿನ ಆವಿಯನ್ನು ಒಳಬಿಡುವ ವಾಲ್ವು ತೆರೆದೇ ಉಳಿದಿದೆಯೋ ವಿಚಾರಿಸಬೇಕು.

ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಹಲವು ಗಾಳಿಯ ತೂಕವನ್ನು ಅಳೆಯುವುದಿಲ್ಲ, ಕೊಳವೆಯೊಳಗಿನ ಒತ್ತಡವನ್ನು ಅಳೆಯುತ್ತವೆ. ಅಂಥ ಗಾಡಿಯಲ್ಲಿ ಕಳ್ಳಗಾಳಿ ನುಗ್ಗಿದರೆ ಒತ್ತಡ ಏರುತ್ತದೆ. ಕಂಪ್ಯೂಟರು ಅದನ್ನು ನ್ಯಾಯವಾದ ಗಾಳಿಯೆಂದೇ ನಂಬಿ ತಕ್ಕಷ್ಟು ಪೆಟ್ರೋಲು ಕೊಡುತ್ತದೆ. ಮಿಶ್ರಣ ಹದವಾಗಿಯೇ ಇರುತ್ತದೆ, ಸುತ್ತು ಮಾತ್ರ ಏರುತ್ತದೆ. ಸುತ್ತು ಒಂದು ಮಿತಿ ದಾಟಿದಾಗ ಕಂಪ್ಯೂಟರು, ‘ಕಾಲು ಆಕ್ಸಿಲರೇಟರಿನ ಮೇಲಿಲ್ಲ, ಸುತ್ತು ಹೆಚ್ಚಿದೆ; ಗಾಡಿ ಇಳಿಜಾರಿನಲ್ಲಿ ಹೋಗುತ್ತಿರಬೇಕು’ ಎಂದು ತರ್ಕಿಸಿ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಸುತ್ತು ಕುಸಿಯುತ್ತದೆ. ಎಂಜಿನ್ ನಿಲ್ಲಬಾರದೆಂದು ಮತ್ತೆ ಪೆಟ್ರೋಲು ಕೊಡುತ್ತದೆ. ಸುತ್ತು ಮತ್ತೆ ಏರುತ್ತದೆ. ಉಯ್ಯಾಲೆ ಆರಂಭವಾಗುತ್ತದೆ. ಸೆನ್ಸರು ಸುಳ್ಳು ಹೇಳಿಲ್ಲ, ಕಂಪ್ಯೂಟರು ತಪ್ಪು ಮಾಡಿಲ್ಲ. ಆದರೂ ಗಾಡಿ ಹುಚ್ಚೆದ್ದಂತೆ ತೋರುತ್ತದೆ.

ಈಗ ನನ್ನ ಗೆಳೆಯರ ಕಾರಿಗೆ ಮರಳಬಹುದು. ಅದನ್ನು ಕೊನೆಗೆ ನೋಡಿದವನು ಹೆದ್ದಾರಿಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ನಡುವಯಸ್ಸಿನ ಮೆಕ್ಯಾನಿಕ್. ಅವನಲ್ಲಿ ಸ್ಕ್ಯಾನರಿತ್ತು, ಆದರೆ ಮೊದಲು ಅದನ್ನು ತೆಗೆಯಲಿಲ್ಲ. “ಬ್ರೇಕ್ ಹಿಡಿದ್ರೆ ಏನಾರ ಫರಕ್ ಆಗ್ತೈತೇನ್ರೀ?” ಎಂದು ಕೇಳಿದ. ಗೆಳೆಯರು ಯೋಚಿಸಿದರು. ಹೌದು, ಬ್ರೇಕು ತುಳಿದಾಗ ಏರಿಳಿತ ಬದಲಾಗುತ್ತಿತ್ತು. ಇನ್ನೊಂದೂ ನೆನಪಾಯಿತು. ಒಂದೆರಡು ತಿಂಗಳಿನಿಂದ ಬ್ರೇಕಿನ ಪೆಡಲು ಗಟ್ಟಿಯಾದಂತೆ ಅನ್ನಿಸಿತ್ತು. ತಮ್ಮ ಮೊಣಕಾಲಿಗೆ ವಯಸ್ಸಾಯಿತೆಂದು ಅವರು ಸುಮ್ಮನಿದ್ದರು. ಮೆಕ್ಯಾನಿಕ್ ಎಂಜಿನ್ನಿನಿಂದ ಬ್ರೇಕಿನ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯನ್ನು ಎಂಜಿನ್ನಿನ ತುದಿಯಲ್ಲಿ ಬಟ್ಟೆ ಸುತ್ತಿ ಇಕ್ಕಳದಿಂದ ಒತ್ತಿ ಹಿಡಿದ. ಉಯ್ಯಾಲೆ ನಿಂತಿತು. ಎಂಜಿನ್ ೮೦೦ಕ್ಕೆ ಬಂದು ಸದ್ದಿಲ್ಲದೆ ತಿರುಗತೊಡಗಿತು. ಕೊಳವೆಯನ್ನು ಬಿಚ್ಚಿ ಬಗ್ಗಿಸಿದಾಗ, ಕೆಳಗಿನ ಮೈಯಲ್ಲಿ, ಕಣ್ಣಿಗೆ ಬೀಳದ ಕಡೆ, ಉದ್ದನೆಯ ಬಿರುಕು ಬಾಯಿ ತೆರೆಯಿತು. ಹೊಸ ಕೊಳವೆಗೆ ತಗುಲಿದ್ದು ಕೆಲವೇ ನೂರು ರೂಪಾಯಿ.

ಶ್ರೋತೃಗಳು ಈ ಬಿರುಕಿನ ಅರ್ಥವನ್ನು ಯೋಚಿಸಬೇಕು. ಕಾರಿನ ಬ್ರೇಕನ್ನು ನಾವು ಬರಿಯ ಕಾಲಿನ ಬಲದಿಂದ ಹಿಡಿಯುವುದಿಲ್ಲ. ಎಂಜಿನ್ನಿನ ನಿರ್ವಾತವು ಬೂಸ್ಟರಿನ ಮೂಲಕ ನಮ್ಮ ಕಾಲಿಗೆ ಹಲವು ಪಟ್ಟು ಬಲ ಕೊಡುತ್ತದೆ. ಆ ಕೊಳವೆ ಇನ್ನಷ್ಟು ಸೀಳಿದ್ದರೆ, ಉಚ್ಚಂಗಿದುರ್ಗದ ಕಡೆಯ ಯಾವುದಾದರೂ ಇಳಿಜಾರಿನಲ್ಲಿ, ಅಡ್ಡ ಬಂದ ಎತ್ತಿನ ಗಾಡಿಯ ಮುಂದೆ, ಪೆಡಲು ಕಲ್ಲಿನಂತೆ ನಿಲ್ಲುತ್ತಿತ್ತು. ಹೀಗೆ ನೋಡಿದರೆ ಐಡ್ಲಿಂಗಿನ ಆ ಏರಿಳಿತ ಕಾಟವಾಗಿರಲಿಲ್ಲ, ಎಚ್ಚರಿಕೆಯಾಗಿತ್ತು. ಎರಡು ಗ್ಯಾರೇಜುಗಳೂ ಆ ಎಚ್ಚರಿಕೆಯ ಬಾಯಿ ಮುಚ್ಚಿಸಲು ದುಡಿದವು. ಮೂರನೆಯವನು ಅದನ್ನು ಕೇಳಿಸಿಕೊಂಡ. ಎಲ್ಲೋ ಒಂದು ತಿರುಪನ್ನು ಬಿಗಿದು ಏರಿಳಿತವನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದರೆ ಗೆಳೆಯರು ಸಂತೋಷದಿಂದ ಹಣ ಕೊಟ್ಟು ಮನೆಗೆ ಹೋಗುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇದರಿಂದ ಒಡೆಯರು ಮತ್ತು ಮೆಕ್ಯಾನಿಕರು ಇಬ್ಬರೂ ಕಲಿಯಬೇಕಾದ ಕ್ರಮ ಸರಳವಾದದ್ದು. ಕೇಳುವುದು, ನೋಡುವುದು, ಅಳೆಯುವುದು, ಆಮೇಲೆ ಬದಲಾಯಿಸುವುದು. ಅಗ್ಗದ್ದನ್ನು ಮೊದಲು, ದುಬಾರಿಯದನ್ನು ಕೊನೆಗೆ. ಒಮ್ಮೆಗೆ ಒಂದೇ ಬದಲಾವಣೆ. ಎರಡು ಬಿಡಿಭಾಗಗಳನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂಬ ಅರಿವು ಕಳೆದುಹೋಗುತ್ತದೆ. ಹಳೆಯ ಭಾಗವನ್ನು ಕೇಳಿ ಪಡೆದು, ಏಕೆ ಕೆಟ್ಟಿತೆಂದು ವಿಚಾರಿಸುವುದು ಒಡೆಯನ ಹಕ್ಕು. ಪರೀಕ್ಷೆಗೆಂದು ತೆಗೆದುಕೊಂಡ ಸಮಯಕ್ಕೆ ಕೂಲಿ ಕೊಡುವುದು ಅವನ ಕರ್ತವ್ಯ. ಬಿಡಿಭಾಗಕ್ಕೆ ಸಾವಿರ ಕೊಡುವ ನಾವು, ಒಂದು ಗಂಟೆ ಯೋಚಿಸಿದವನಿಗೆ ಇನ್ನೂರು ಕೊಡಲು ಹಿಂಜರಿಯುತ್ತೇವೆ. ಯೋಚನೆಗೆ ಬೆಲೆಯಿಲ್ಲವೆಂದು ತಿಳಿದ ಮೆಕ್ಯಾನಿಕ್ ಸಹಜವಾಗಿಯೇ ಬಿಡಿಭಾಗ ಮಾರುವವನಾಗುತ್ತಾನೆ.

ಕಂಪ್ಯೂಟರು ಬಂದ ಮೇಲೆ ಸಣ್ಣ ಊರಿನ ಗ್ಯಾರೇಜುಗಳ ಕಾಲ ಮುಗಿಯಿತೆಂಬ ಮಾತನ್ನು ಆಗಾಗ ಕೇಳುತ್ತೇವೆ. ನಾನು ಅದನ್ನು ಒಪ್ಪಲಾರೆ. ಕಾಲ ಮುಗಿದದ್ದು ತಿರುಪಿಗೆ, ಕಿವಿಗಲ್ಲ. ಅಂಕಿಯನ್ನು ಓದುವುದನ್ನು ಕಲಿಯಬೇಕು, ಸ್ಕ್ಯಾನರನ್ನು ಕೊಳ್ಳಬೇಕು, ನಿಜ. ಆದರೆ ಅಂಕಿ ಹೇಳಿದ್ದನ್ನು ರಬ್ಬರಿನ ಬಿರುಕಿಗೆ ಹೊಂದಿಸಿ ನೋಡುವುದು ಹಳೆಯ ಕಣ್ಣು, ಹಳೆಯ ಕಿವಿ, ಹಳೆಯ ಬೆರಳುಗಳ ಕೆಲಸವೇ. ಆ ತಗಡಿನ ಶೆಡ್ಡಿನ ಮೆಕ್ಯಾನಿಕ್ ಕಾರ್ಬೊರೇಟರಿನ ಮೇಲೆ ಕೆಲಸ ಕಲಿತವನು. ಕೊಳವೆ ಕೂರಿಸಿದ ಮೇಲೆ ಅವನು ಎಂಜಿನ್ನನ್ನು ಮತ್ತೆ ಓಡಿಸಿ, ಕೈಯೊರೆಸಿಕೊಳ್ಳುತ್ತ, ಎರಡು ನಿಮಿಷ ಏನೂ ಮಾಡದೆ ನಿಂತು ಆಲಿಸಿದ. ಗೆಳೆಯರು ಆಗಿನ್ನೂ ಹಣ ಕೊಟ್ಟಿರಲಿಲ್ಲ. ಏನು ನೋಡುತ್ತಿದ್ದೀ ಎಂದು ಕೇಳಿದಾಗ, “ಏನಿಲ್ರೀ, ಮತ್ತೇನರ ಹೇಳ್ತೈತೇನೋ ಅಂತ” ಎಂದ.

ತಮ್ಮ ಗಾಡಿ ನಿಂತಲ್ಲಿ ನಡುಗಿದಾಗ, ಆಕ್ಸಿಲರೇಟರನ್ನು ಒತ್ತಿ ಅದರ ದನಿಯನ್ನು ಮುಳುಗಿಸುವ ಮೊದಲು, ತಾವೂ ಎರಡು ನಿಮಿಷ ಆಲಿಸಬೇಕೆಂದು ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.